ಹಿಮದ ನಾಡಿನ ಟವರ್‌ಗಳಿಗೆ ಬ್ಯಾಟರಿ ಕೊಳ್ಳುವವರಿಗೊಂದು ಬಹಿರಂಗ ಪತ್ರ

ಇವರಿಗೆ,
ಶೀತ ಪ್ರದೇಶಗಳ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರಗಳ ಅಧ್ಯಕ್ಷರು ಹಾಗೂ ಮೊಬೈಲ್ ಟವರ್ ಸಂಸ್ಥೆಗಳ ಖರೀದಿ ವಿಭಾಗದ ಮುಖ್ಯಸ್ಥರು

ವಿಷಯ: ಟವರ್‌ಗಳ ಬ್ಯಾಕಪ್ ಬ್ಯಾಟರಿಯನ್ನು ಚಳಿಯಲ್ಲೇ ಚಾರ್ಜ್ ಮಾಡಿ ಪರೀಕ್ಷಿಸುವ ಹಾಗೂ ಸೋಡಿಯಂ-ಅಯಾನ್ ಬ್ಯಾಟರಿಗಳಿಗೆ ಆ ಪರೀಕ್ಷೆಯಲ್ಲಿ ಅವಕಾಶ ನೀಡುವ ಕುರಿತು

ಮಾನ್ಯರೇ,

ಟವರ್ ಬ್ಯಾಟರಿಗಳ ಟೆಂಡರ್ ಪತ್ರಗಳಲ್ಲಿ ಸಾಮಾನ್ಯವಾಗಿ ಒಂದು ಸಾಲು ಇದ್ದೇ ಇರುತ್ತದೆ: ಇಷ್ಟು ಆಂಪಿಯರ್-ಅವರ್ ಸಾಮರ್ಥ್ಯ, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆದದ್ದು. ಚಳಿಗಾಲದ ರಾತ್ರಿ ಉಷ್ಣತೆ ಮೈನಸ್ 25ಕ್ಕೆ ಇಳಿಯುವ ಗುಡ್ಡದ ಮೇಲಿನ ಟವರಿಗೂ, ವರ್ಷವಿಡೀ ಬೆಚ್ಚಗಿರುವ ಊರಿನ ಟವರಿಗೂ ಅದೇ ಸಾಲು ಅನ್ವಯಿಸುತ್ತದೆ. ನಡುವಿನ ಐವತ್ತು ಡಿಗ್ರಿಗಳ ಅಂತರವನ್ನು ಕಾಗದದ ಮೇಲೆ ಯಾರೂ ತುಂಬುವುದಿಲ್ಲವಾದ್ದರಿಂದ, ಅದು ಕೊನೆಗೆ ಹೀಟರಿನ ಕರೆಂಟ್ ಬಿಲ್ಲಾಗಿ, ಡೀಸೆಲ್ ಡಬ್ಬಗಳಾಗಿ, ಹಿಮ ಸರಿಸಿಕೊಂಡು ಗುಡ್ಡ ಹತ್ತುವ ತಂತ್ರಜ್ಞನ ದಿನಗೂಲಿಯಾಗಿ ಬೇರೆ ಯಾವುದೋ ಲೆಕ್ಕದ ತಲೆಯಡಿ ಬಂದು ಕೂರುತ್ತದೆ. ಆ ಸಾಲನ್ನು ಬದಲಿಸಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಬದಲಿಸಿದರೆ, ಲಿಥಿಯಂ ಬದಲು ಸೋಡಿಯಂ ಬಳಸುವ ಸೋಡಿಯಂ-ಅಯಾನ್ ಬ್ಯಾಟರಿಗಳಿಗೆ ತಾನಾಗಿಯೇ ಒಂದು ನ್ಯಾಯವಾದ ಅವಕಾಶ ಸಿಗುತ್ತದೆ ಎಂಬುದು ನನ್ನ ನಂಬಿಕೆ. ಆದರೆ ಆ ಬ್ಯಾಟರಿಯನ್ನು ಮಾರುವವರ ಕರಪತ್ರವನ್ನು ಹಾಗೆಯೇ ಒಪ್ಪಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ; ಅದರಲ್ಲಿ ಎಲ್ಲಿ ಅನುಮಾನ ಪಡಬೇಕೆಂಬುದನ್ನೂ ಇದೇ ಪತ್ರದಲ್ಲಿ ಹೇಳುತ್ತೇನೆ.

ಕರೆಂಟ್ ಹೋದ ಕ್ಷಣದಿಂದ ಟವರಿನಲ್ಲಿ ಏನಾಗುತ್ತದೆ ಎಂಬುದು ನಿಮಗೆ ತಿಳಿದಿದ್ದರೂ, ವಾದ ಅದರ ಮೇಲೆಯೇ ನಿಂತಿರುವುದರಿಂದ ಒಮ್ಮೆ ನೆನಪಿಸುತ್ತೇನೆ. ಟವರಿನ ಬುಡದ ಕ್ಯಾಬಿನೆಟ್‌ನಲ್ಲಿರುವ ರೆಕ್ಟಿಫೈಯರ್‌ಗಳು ಗ್ರಿಡ್‌ನಿಂದ ಬರುವ ಎಸಿಯನ್ನು ಮೈನಸ್ 48 ವೋಲ್ಟ್ ಡಿಸಿಯಾಗಿ ಬದಲಿಸಿ, ರೇಡಿಯೋ ಉಪಕರಣಗಳನ್ನು ನಡೆಸುತ್ತಲೇ ಬ್ಯಾಟರಿಯನ್ನೂ ತುಂಬಿಸಿಟ್ಟಿರುತ್ತವೆ. (ಧನ ತುದಿಯನ್ನು ಭೂಮಿಗೆ ಜೋಡಿಸುವ ಈ ‘ಮೈನಸ್’ ಪದ್ಧತಿ ತಾಮ್ರದ ತಂತಿ ಸವೆಯದಿರಲೆಂದು ಹಳೆಯ ಟೆಲಿಫೋನ್ ಕಾಲದಲ್ಲಿ ಬಂದದ್ದು, ಇಂದಿಗೂ ಬಿಟ್ಟಿಲ್ಲ.) ಗ್ರಿಡ್ ಹೋದಾಗ ಬ್ಯಾಟರಿ ಒಂದು ಕ್ಷಣವೂ ತಡವಿಲ್ಲದೆ ಭಾರ ಹೊರುತ್ತದೆ. ವೋಲ್ಟೇಜ್ ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಸ್ವಿಚ್ ತಾನಾಗಿ ಕಡಿದುಕೊಂಡು ಟವರ್ ಮೌನವಾಗುತ್ತದೆ. ಜನರೇಟರ್ ಇದ್ದ ಕಡೆ ಅದು ಈ ನಡುವೆ ಚಾಲೂ ಆಗಬೇಕು. ಅದನ್ನು ಚಾಲೂ ಮಾಡುವ ಬ್ಯಾಟರಿಯೂ ಅದೇ ಚಳಿಯಲ್ಲಿ ಕುಳಿತಿರುವ ಲೆಡ್-ಆಸಿಡ್ ಬ್ಯಾಟರಿಯೇ ಎಂಬುದನ್ನು, ಮತ್ತು ಚಳಿಗಾಲಕ್ಕೆಂದು ತಯಾರಿಸದ ಡೀಸೆಲ್‌ನಲ್ಲಿ ಶೂನ್ಯಕ್ಕಿಂತ ಕೆಲವೇ ಡಿಗ್ರಿ ಕೆಳಗೆ ಮೇಣದ ಹರಳುಗಳು ಮೂಡಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ ಎಂಬುದನ್ನು ಕಚೇರಿಯಲ್ಲಿ ಕುಳಿತಾಗ ಮರೆಯುವುದು ಸುಲಭ.

ಒಂದು ಚಳಿಗಾಲದ ಬೆಳಗ್ಗೆ ನಾನು ತೆರೆದ ಕ್ಯಾಬಿನೆಟ್ ಈಗಲೂ ಕಣ್ಣಮುಂದಿದೆ. ಬೀಗದೊಳಗೆ ಮಂಜು ಕಟ್ಟಿದ್ದರಿಂದ ಬಾಗಿಲು ತೆರೆಯಲಿಕ್ಕೇ ಕಾಲು ಗಂಟೆ ಹಿಡಿಯಿತು. 12 ವೋಲ್ಟ್‌ನ ನಾಲ್ಕು ಲೆಡ್-ಆಸಿಡ್ ಬ್ಯಾಟರಿಗಳ ಸಾಲಿನಲ್ಲಿ ಮೂರನೆಯದರ ಹೊಟ್ಟೆ ಉಬ್ಬಿ, ಪಕ್ಕದ ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಮಲ್ಟಿಮೀಟರಿನ ಪರದೆಯೂ ಚಳಿಗೆ ಮಂಕಾಗಿ, ಒಂದು ಅಂಕಿ ಅಳಿದು ಇನ್ನೊಂದು ಮೂಡಲು ಉಸಿರು ಬಿಗಿಹಿಡಿದು ಕಾಯಬೇಕಿತ್ತು. ಆಗಿದ್ದೇನೆಂದರೆ, ಹಿಂದಿನ ಸಂಜೆ ಕರೆಂಟ್ ಹೋಗಿ ಬ್ಯಾಟರಿ ಪೂರ್ತಿ ಬರಿದಾಗಿತ್ತು, ಜನರೇಟರ್ ಎದ್ದಿರಲಿಲ್ಲ, ಬರಿದಾದ ಬ್ಯಾಟರಿ ರಾತ್ರಿಯಿಡೀ ಹಾಗೆಯೇ ಉಳಿದಿತ್ತು.

ಇದರ ಹಿಂದಿನ ರಸಾಯನಶಾಸ್ತ್ರ ಸರಳ. ಪೂರ್ತಿ ಚಾರ್ಜ್ ಆದ ಲೆಡ್-ಆಸಿಡ್ ಬ್ಯಾಟರಿಯಲ್ಲಿ ಆಮ್ಲದ ಸಾಪೇಕ್ಷ ಸಾಂದ್ರತೆ ಸುಮಾರು 1.28 ಇರುತ್ತದೆ, ಅಂಥ ಆಮ್ಲ ಮೈನಸ್ 60 ಡಿಗ್ರಿಯವರೆಗೂ ಹೆಪ್ಪುಗಟ್ಟುವುದಿಲ್ಲ. ಬ್ಯಾಟರಿ ಬರಿದಾಗುತ್ತಾ ಹೋದಂತೆ ಆಮ್ಲದಲ್ಲಿದ್ದ ಸಲ್ಫೇಟ್ ಫಲಕಗಳಿಗೆ ಸೇರಿ, ಉಳಿಯುವುದು ಹೆಚ್ಚುಕಡಿಮೆ ನೀರೇ. ಸಾಂದ್ರತೆ 1.10ಕ್ಕೆ ಬಂದಾಗ ಮೈನಸ್ 8 ಡಿಗ್ರಿಯ ಸುಮಾರಿಗೇ ಅದು ಮಂಜುಗಡ್ಡೆಯಾಗುತ್ತದೆ. ಅಂದರೆ ಚಳಿಯನ್ನು ತಡೆದುಕೊಳ್ಳುವ ಶಕ್ತಿ ಈ ಬ್ಯಾಟರಿಗೆ ಇರುವುದು ಅದನ್ನು ಬಳಸದೆ ಇಟ್ಟಾಗ ಮಾತ್ರ. ಹೆಪ್ಪುಗಟ್ಟದಿದ್ದರೂ, ಮೈನಸ್ 20ರಲ್ಲಿ ಅದರ ಸಾಮರ್ಥ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ನಿಮ್ಮ ಕ್ಷೇತ್ರ ಸಿಬ್ಬಂದಿಗೆಲ್ಲ ಗೊತ್ತಿರುವ ಸಂಗತಿ. ಹಾಗೆಂದೇ ಬೇಕಾದ್ದಕ್ಕಿಂತ ಎರಡು ಪಟ್ಟು ಬ್ಯಾಟರಿ ಇಡುವ ರೂಢಿ ಬೆಳೆಯಿತು.

ಲೆಡ್-ಆಸಿಡ್‌ನ ಜಾಗಕ್ಕೆ ಈಗ ಬಂದಿರುವುದು ಲಿಥಿಯಂ ಐರನ್ ಫಾಸ್ಫೇಟ್. ಅದು ಒಳ್ಳೆಯ ಬ್ಯಾಟರಿ. ಹಗುರ, ದೀರ್ಘಾಯುಷಿ, ಅದರ ಬೆಲೆಯೂ ಇಳಿದಿದೆ. ಸಮಶೀತೋಷ್ಣ ಪ್ರದೇಶದಲ್ಲಿ ಅದನ್ನು ಬಿಟ್ಟು ಬೇರೆಯದನ್ನು ಕೊಳ್ಳಿ ಎಂದು ನಾನು ವಾದಿಸಲಾರೆ. ಅದರ ತೊಡಕು ಒಂದೇ, ಆದರೆ ಹಿಮದ ನಾಡಿನಲ್ಲಿ ಆ ಒಂದೇ ಎಲ್ಲವನ್ನೂ ನುಂಗುತ್ತದೆ. ಶೂನ್ಯ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಿದರೆ ಲಿಥಿಯಂ ಅಯಾನುಗಳು (ವಿದ್ಯುದಾವೇಶ ಹೊತ್ತ ಕಣಗಳು) ಋಣಾಗ್ರವಾದ ಗ್ರಾಫೈಟಿನ ಪದರಗಳೊಳಗೆ ಸಾಕಷ್ಟು ಬೇಗ ನುಸುಳಲಾರದೆ ಮೇಲ್ಮೈಯಲ್ಲೇ ಲೋಹವಾಗಿ ಕಟ್ಟಿಕೊಳ್ಳುತ್ತವೆ. ಹಾಗೆ ಕಟ್ಟಿಕೊಂಡ ಲಿಥಿಯಂ ಸಾಮರ್ಥ್ಯವನ್ನು ಶಾಶ್ವತವಾಗಿ ತಿಂದುಹಾಕುವುದಲ್ಲದೆ, ಒಳಗೆ ಶಾರ್ಟ್ ಆಗುವ ಅಪಾಯವನ್ನೂ ತರುತ್ತದೆ. ಆದ್ದರಿಂದ ಬ್ಯಾಟರಿಯೊಳಗಿನ ನಿಯಂತ್ರಣ ಸರ್ಕ್ಯೂಟ್ ಚಳಿಯಲ್ಲಿ ಚಾರ್ಜ್ ಮಾಡಲು ಬಿಡುವುದೇ ಇಲ್ಲ. ಮೊದಲು ಹೀಟರ್ ಓಡಿಸಿ, ಒಳಗೆ ಬಿಸಿಯಾದ ಮೇಲಷ್ಟೇ ಕರೆಂಟ್ ಒಳಕ್ಕೆ ಬಿಡುತ್ತದೆ.

ಇಲ್ಲಿ ಒಂದು ಸಣ್ಣ ಲೆಕ್ಕ ಹಾಕೋಣ. 100 ಕಿಲೋ ತೂಕದ ಬ್ಯಾಟರಿ ಮೈನಸ್ 25ರಲ್ಲಿ ತಣ್ಣಗಾಗಿ ಕುಳಿತಿದೆ, ಅದನ್ನು 5 ಡಿಗ್ರಿಗೆ ತರಬೇಕು ಎಂದಿಟ್ಟುಕೊಳ್ಳಿ. ಒಂದು ಕಿಲೋವನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು ಒಂದು ಕಿಲೋಜೌಲ್ ಬೇಕೆಂದರೆ, 30 ಡಿಗ್ರಿಗೆ 3,000 ಕಿಲೋಜೌಲ್, ಅಂದರೆ ಸುಮಾರು 0.83 ಯೂನಿಟ್ ವಿದ್ಯುತ್. ಮೊತ್ತ ದೊಡ್ಡದಲ್ಲ. ಆದರೆ ಹೀಟರ್ 200 ವ್ಯಾಟ್‌ನದ್ದಾದರೆ, ಒಂದಿಷ್ಟೂ ಶಾಖ ಹೊರಗೆ ಸೋರಲಿಲ್ಲ ಎಂದರೂ ನಾಲ್ಕು ಗಂಟೆಗೂ ಹೆಚ್ಚು ಹೊತ್ತು ಬೇಕು. ಹಿಮಬಿರುಗಾಳಿಯಲ್ಲಿ ಕರೆಂಟ್ ಒಮ್ಮೆ ಹೋಗಿ ಒಮ್ಮೆಲೇ ಗಟ್ಟಿಯಾಗಿ ಮರಳುವುದು ಅಪರೂಪ. ಬಂದು, ಮೂರು ಗಂಟೆ ಇದ್ದು, ಇನ್ನೊಂದು ಮರ ತಂತಿಯ ಮೇಲೆ ಬಿದ್ದಾಗ ಮತ್ತೆ ಹೋಗುತ್ತದೆ. ಆ ಮೂರು ಗಂಟೆಯಲ್ಲಿ ನಮ್ಮ ಬ್ಯಾಟರಿಗೆ ಒಂದು ಹನಿಯೂ ಚಾರ್ಜ್ ಸೇರಿರುವುದಿಲ್ಲ, ಅದು ಇನ್ನೂ ಮೈ ಕಾಯಿಸಿಕೊಳ್ಳುತ್ತಿರುತ್ತದೆ. ಬೇಕಿದ್ದರೆ ಬ್ಯಾಟರಿಯನ್ನು ಚಳಿಗಾಲವಿಡೀ ಬೆಚ್ಚಗೇ ಇಟ್ಟುಕೊಳ್ಳಬಹುದು. ಬರಿಯ 100 ವ್ಯಾಟ್ ನಿರಂತರವಾಗಿ ಸುರಿದರೂ ದಿನಕ್ಕೆ 2.4 ಯೂನಿಟ್ ಆಗುತ್ತದೆ. ಸೌರಫಲಕ ಇಲ್ಲವೇ ಡೀಸೆಲ್ ನೆಚ್ಚಿಕೊಂಡ ದೂರದ ತಾಣಕ್ಕೆ ಅದು ಸಣ್ಣ ಹೊರೆಯಲ್ಲ. ಗ್ರಿಡ್ ಹೋದ ಮೇಲೆ ಆ ಹೀಟರಿಗೂ ಬ್ಯಾಟರಿಯೇ ಉಣಿಸಬೇಕು.

ಸೋಡಿಯಂ-ಅಯಾನ್ ಬ್ಯಾಟರಿಯ ಮಾತು ಬರುವುದು ಇಲ್ಲಿ. ಅದರ ಕೆಲಸದ ರೀತಿ ಲಿಥಿಯಂ ಬ್ಯಾಟರಿಯದೇ: ಅಯಾನು ಒಂದು ತುದಿಯ ವಿದ್ಯುದಗ್ರದಿಂದ ನಡುವಿನ ದ್ರಾವಣದ ಮೂಲಕ ಇನ್ನೊಂದು ತುದಿಯದಕ್ಕೆ ಹೋಗಿ ಬರುತ್ತದೆ. ಆದರೆ ಸೋಡಿಯಂ ಅಯಾನು ಲಿಥಿಯಂನದಕ್ಕಿಂತ ದೊಡ್ಡದು, ಪರಮಾಣು ತೂಕದಲ್ಲಿ ಮೂರು ಪಟ್ಟಿಗಿಂತ ಹೆಚ್ಚು. ಇಷ್ಟು ದಪ್ಪನೆಯದು ಚಳಿಯಲ್ಲಿ ಹೇಗೆ ಚುರುಕಾದೀತು ಎಂಬ ಪ್ರಶ್ನೆ ಸಹಜವೇ, ನನಗೂ ಮೊದಲು ಬಂದಿತ್ತು. ಉತ್ತರ ಇರುವುದು ಅಯಾನು ಹೊದ್ದುಕೊಂಡ ಹೊದಿಕೆಯಲ್ಲಿ. ದ್ರಾವಣದಲ್ಲಿ ಯಾವ ಅಯಾನೂ ಒಂಟಿಯಾಗಿ ಚಲಿಸುವುದಿಲ್ಲ. ದ್ರಾವಕದ ಅಣುಗಳನ್ನು ಸುತ್ತ ಕಟ್ಟಿಕೊಂಡೇ ಚಲಿಸುತ್ತದೆ, ಮತ್ತು ವಿದ್ಯುದಗ್ರದೊಳಗೆ ಹೋಗುವ ಮುನ್ನ ಆ ಹೊದಿಕೆಯನ್ನು ಕಳಚಲೇಬೇಕು. ಲಿಥಿಯಂ ಚಿಕ್ಕದಾದ್ದರಿಂದ ಅದರ ಸೆಳೆತ ತೀಕ್ಷ್ಣ, ಹೊದಿಕೆ ಬಿಗಿ. ಸೋಡಿಯಂನ ಹಿಡಿತ ಸಡಿಲವಾದ್ದರಿಂದ ಅದು ಸುಲಭವಾಗಿ ಕಳಚಿಕೊಳ್ಳುತ್ತದೆ. ಉಷ್ಣತೆ ಇಳಿದಂತೆ ತಡೆಯಾಗುವುದು ಮುಖ್ಯವಾಗಿ ಈ ಕಳಚುವ ಹೆಜ್ಜೆಯೇ.

ಇನ್ನೊಂದು ಕಾರಣವೂ ಇದೆ, ಅದು ನನಗೆ ಹೆಚ್ಚು ಇಷ್ಟವಾದದ್ದು. ಲಿಥಿಯಂ ಬ್ಯಾಟರಿಯ ಗ್ರಾಫೈಟನ್ನು ಕಾಪಾಡಲು ದ್ರಾವಣದಲ್ಲಿ ಎಥಿಲೀನ್ ಕಾರ್ಬೊನೇಟ್ ಬೇಕೇ ಬೇಕು, ಮತ್ತು ಆ ವಸ್ತು ಒಂಟಿಯಾಗಿದ್ದರೆ 36 ಡಿಗ್ರಿಯಲ್ಲೇ ಗಟ್ಟಿಯಾಗುತ್ತದೆ. ಮೈನಸ್ 49 ಡಿಗ್ರಿಯವರೆಗೆ ದ್ರವವಾಗಿಯೇ ಉಳಿಯುವ ಅದರ ಸೋದರ ಪ್ರೊಪಿಲೀನ್ ಕಾರ್ಬೊನೇಟನ್ನು ಹಾಕಿದರೆ ಗ್ರಾಫೈಟಿನ ಪದರಗಳು ಕಿತ್ತು ಬರುತ್ತವೆ. ಸೋಡಿಯಂ ಮಾತ್ರ ಗ್ರಾಫೈಟಿನೊಳಗೆ ಸರಿಯಾಗಿ ಕೂರುವುದೇ ಇಲ್ಲ. ಹಾಗಾಗಿ ಅದಕ್ಕೆ ಬಳಸುವುದು ‘ಹಾರ್ಡ್ ಕಾರ್ಬನ್’ ಎಂಬ, ಅಡ್ಡಾದಿಡ್ಡಿ ಪದರಗಳ ನಡುವೆ ಸಣ್ಣ ಸಣ್ಣ ಪೊಟರೆಗಳಿರುವ ಇಂಗಾಲವನ್ನು. ಇದರೊಳಗೆ ಸೋಡಿಯಂ ಹೋಗಿ ಬರುತ್ತದೆ ಎಂದು 2000ದಲ್ಲಿ ಕೆನಡಾದ ಸ್ಟೀವನ್ಸ್ ಮತ್ತು ಡಾನ್ ತೋರಿಸಿದರು. ಈ ಇಂಗಾಲ ಪ್ರೊಪಿಲೀನ್ ಕಾರ್ಬೊನೇಟನ್ನು ಸಹಿಸಿಕೊಳ್ಳುತ್ತದೆ. ಗ್ರಾಫೈಟ್ ಒಲ್ಲೆಂದ ಮೇಲೆ ಅನಿವಾರ್ಯವಾಗಿ ಹಿಡಿದ ದಾರಿ ಚಳಿಗೆ ಅನುಕೂಲವಾಗಿ ಪರಿಣಮಿಸಿತು.

ಟವರಿನ ದೃಷ್ಟಿಯಿಂದ ಮತ್ತೂ ಒಂದು ಅನುಕೂಲವನ್ನು ಹೇಳಬೇಕು. ಸೋಡಿಯಂ ಅಲ್ಯೂಮಿನಿಯಂ ಜೊತೆ ಬೆರೆಯದಿರುವುದರಿಂದ ವಿದ್ಯುತ್ ಒಯ್ಯಲು ಎರಡೂ ವಿದ್ಯುದಗ್ರಗಳಲ್ಲಿ ಅಲ್ಯೂಮಿನಿಯಂ ಹಾಳೆಯನ್ನೇ ಬಳಸಬಹುದು. ಲಿಥಿಯಂ ಬ್ಯಾಟರಿಯಲ್ಲಿ ಒಂದು ಕಡೆ ಬೇಕಾಗುವ ತಾಮ್ರದ ಹಾಳೆ ಇಲ್ಲಿ ಇಲ್ಲದ್ದರಿಂದ, ಬ್ಯಾಟರಿ ಪೂರ್ತಿ ಸೊನ್ನೆ ವೋಲ್ಟ್‌ಗೆ ಇಳಿದರೂ ತಾಮ್ರ ಕರಗಿ ಹಾಳಾಗುವ ಭಯವಿಲ್ಲ. ನಾಲ್ಕು ದಿನ ದಾರಿ ಮುಚ್ಚಿ, ಯಾರೂ ತಲುಪಲಾಗದೆ, ಬರಿದಾಗಿಯೇ ಉಳಿದ ಬ್ಯಾಟರಿಯನ್ನು ಐದನೆಯ ದಿನ ಎಬ್ಬಿಸಬೇಕಾದವರಿಗೆ ಇದರ ಬೆಲೆ ಗೊತ್ತು. ಅದೇ ತೂಕದ ಲಿಥಿಯಂ ಬ್ಯಾಟರಿಗಿಂತ ಇದರಲ್ಲಿ ಶಕ್ತಿ ಕಡಿಮೆ ಎಂಬ ಮಾತು ಇಲ್ಲಿ ಅಷ್ಟು ಮುಖ್ಯವಲ್ಲ. ಚೀನಾದ ಬ್ಯಾಟರಿ ಕಂಪನಿ ಸಿಎಟಿಎಲ್ 2021ರಲ್ಲಿ ತನ್ನ ಮೊದಲ ಸೋಡಿಯಂ ಸೆಲ್‌ಗೆ ಕಿಲೋಗೆ 160 ವ್ಯಾಟ್-ಅವರ್ ಎಂದೂ, 2025ರಲ್ಲಿ ಪ್ರಕಟಿಸಿದ ಸೆಲ್‌ಗೆ 175 ಎಂದೂ ಹೇಳಿಕೊಂಡಿದೆ. ಲೆಡ್-ಆಸಿಡ್‌ನದು 30ರಿಂದ 40. ಕಾರಿನಂತೆ ಓಡಾಡದೆ ಕಾಂಕ್ರೀಟ್ ಕಟ್ಟೆಯ ಮೇಲೆ ಕೂರುವ ಬ್ಯಾಟರಿಗೆ ಇಷ್ಟು ಧಾರಾಳವಾಯಿತು.

ಇನ್ನು ಅನುಮಾನದ ಮಾತು. ‘ಮೈನಸ್ 20ರಲ್ಲೂ 90 ಶೇಕಡಾ ಸಾಮರ್ಥ್ಯ’ ಎಂಬ ಸಾಲನ್ನು ನೀವೆಲ್ಲ ಓದಿರುತ್ತೀರಿ. ಅಂಥ ಅಂಕಿಯನ್ನು ಕಂಡಾಗ ಮೊದಲು ಕೇಳಬೇಕಾದ ಪ್ರಶ್ನೆ: ಆ ಬ್ಯಾಟರಿಯನ್ನು ಎಲ್ಲಿ ಚಾರ್ಜ್ ಮಾಡಿದಿರಿ? ಪ್ರಯೋಗಾಲಯದ ರೂಢಿಯಂತೆ ಬೆಚ್ಚಗಿನ ಕೋಣೆಯಲ್ಲಿ ಪೂರ್ತಿ ತುಂಬಿಸಿ, ಆಮೇಲೆ ಶೀತಕೋಣೆಗೆ ಒಯ್ದು ಖಾಲಿ ಮಾಡಿ ಅಳೆದಿದ್ದರೆ, ಅದು ಮೊದಲನೆಯ ಕಡಿತಕ್ಕೆ ಮಾತ್ರ ಉತ್ತರ. ಎರಡನೆಯ ಕಡಿತಕ್ಕೆ ಬ್ಯಾಟರಿ ಚಳಿಯಲ್ಲೇ ತುಂಬಿಕೊಳ್ಳಬೇಕು. ಹಾರ್ಡ್ ಕಾರ್ಬನ್ ಕೂಡ ಇಲ್ಲಿ ಪೂರ್ತಿ ನಿರ್ದೋಷಿಯಲ್ಲ: ಅದು ಸೋಡಿಯಂ ತುಂಬಿಕೊಳ್ಳುವ ಕೊನೆಯ ಹಂತದ ವೋಲ್ಟೇಜ್ ಸೋಡಿಯಂ ಲೋಹದ ವೋಲ್ಟೇಜಿಗೆ ತೀರ ಹತ್ತಿರದಲ್ಲಿರುವುದರಿಂದ, ಗಾಢ ಚಳಿಯಲ್ಲಿ ಅವಸರದಿಂದ ಚಾರ್ಜ್ ಮಾಡಿದರೆ ಲಿಥಿಯಂನಂತೆಯೇ ಸೋಡಿಯಂ ಕೂಡ ಮೇಲ್ಮೈಯಲ್ಲಿ ಕಟ್ಟಿಕೊಳ್ಳಬಲ್ಲದು. ನಿಧಾನವಾಗಿ ಚಾರ್ಜ್ ಮಾಡಿದರೆ ನಡೆಯುತ್ತದೆ. ಎಷ್ಟು ನಿಧಾನ ಎಂಬುದೇ ನಿಮಗೆ ಬೇಕಾದ ಅಂಕಿ, ಮತ್ತು ಅದು ಒಂದು ಕಂಪನಿಯ ಸೆಲ್‌ನಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಈ ಬ್ಯಾಟರಿಯ ದ್ರಾವಣವೂ ಉರಿಯುವಂಥದ್ದೇ ಆದ್ದರಿಂದ, ಬೆಂಕಿಯೇ ಹತ್ತದ ಬ್ಯಾಟರಿ ಎಂದು ಯಾರಾದರೂ ಹೇಳಿದರೆ ಅದನ್ನೂ ನಂಬಬೇಕಿಲ್ಲ.

ಎರಡನೆಯ ತೊಡಕು ವೋಲ್ಟೇಜಿನದು, ಇದರ ಬಗ್ಗೆ ಖರೀದಿ ಸಭೆಗಳಲ್ಲಿ ಚರ್ಚೆಯೇ ಆಗುವುದಿಲ್ಲ ಎಂಬುದು ನನ್ನ ದೂರು. ಯೂರೋಪಿನ ಇಎನ್ 300 132-2 ಮಾನದಂಡದ ಪ್ರಕಾರ 48 ವೋಲ್ಟ್ ಉಪಕರಣ ಕೆಲಸ ಮಾಡಬೇಕಾದ ವ್ಯಾಪ್ತಿ 40.5ರಿಂದ 57 ವೋಲ್ಟ್. ಐರನ್ ಫಾಸ್ಫೇಟ್ ಸೆಲ್ ಹೆಚ್ಚಿನ ಹೊತ್ತು 3.2 ವೋಲ್ಟ್‌ನ ಸುತ್ತಮುತ್ತಲೇ ನಿಲ್ಲುವುದರಿಂದ ಈ ವ್ಯಾಪ್ತಿಯೊಳಗೆ ಸಲೀಸಾಗಿ ಕೂರುತ್ತದೆ. ಧನಾಗ್ರಕ್ಕೆ ಪದರ ಆಕ್ಸೈಡ್ (ಪದರ ಪದರವಾಗಿರುವ ಲೋಹದ ಆಕ್ಸೈಡ್) ಬಳಸುವ ಸೋಡಿಯಂ ಸೆಲ್ ಹಾಗಲ್ಲ. ಅದು ತುಂಬಿದಾಗ 4 ವೋಲ್ಟ್‌ನ ಸುಮಾರಿಗೆ ಇದ್ದು, ಇಳಿಜಾರಿನಲ್ಲಿ ಜಾರಿದಂತೆ 2 ವೋಲ್ಟ್ ಅಥವಾ ಇನ್ನೂ ಕೆಳಗೆ ಬರುತ್ತದೆ. ಅಂಥ 14 ಸೆಲ್‌ಗಳನ್ನು ಸಾಲಾಗಿ ಜೋಡಿಸಿದರೆ 56 ವೋಲ್ಟ್‌ವರೆಗೆ ಪೂರ್ತಿ ತುಂಬಿಸಬಹುದು, ಆದರೆ ಪ್ರತಿ ಸೆಲ್ 2.9 ವೋಲ್ಟ್‌ಗೆ ಬರುವಷ್ಟರಲ್ಲೇ ಉಪಕರಣ ನಿಂತುಹೋಗಿ, ಒಳಗೆ ಇನ್ನೂ ಸಾಕಷ್ಟು ವಿದ್ಯುತ್ ಉಳಿದುಬಿಡುತ್ತದೆ. 16 ಜೋಡಿಸಿದರೆ 2.5 ವೋಲ್ಟ್‌ವರೆಗೆ ಹಿಂಡಿಕೊಳ್ಳಬಹುದು, ಆದರೆ 57 ವೋಲ್ಟ್‌ನ ಮಿತಿಯಿಂದಾಗಿ ಪ್ರತಿ ಸೆಲ್ಲನ್ನು 3.56ಕ್ಕಿಂತ ಮೇಲೆ ತುಂಬಿಸುವಂತಿಲ್ಲ. ಸೆಲ್‌ಗಳ ಲೆಕ್ಕ ಹೇಗೆ ಹಾಕಿದರೂ ಒಂದು ಕಡೆ ಕೈ ಬಿಡಲೇಬೇಕು.

ಇದಕ್ಕೆ ಪರಿಹಾರ ಇಲ್ಲವೆಂದಲ್ಲ. ಬ್ಯಾಟರಿಯೊಳಗೇ ವೋಲ್ಟೇಜನ್ನು ಒಂದೇ ಮಟ್ಟದಲ್ಲಿಡುವ ಡಿಸಿ-ಡಿಸಿ ಕನ್ವರ್ಟರ್ ಕೂರಿಸಿದರೆ ಒಳಗಿನ ಏರಿಳಿತ ಹೊರಗೆ ಕಾಣುವುದಿಲ್ಲ. ಆದರೆ ಸ್ವಲ್ಪ ವಿದ್ಯುತ್ ಅದಕ್ಕೇ ಹೋಗುತ್ತದೆ, ಕೆಡಬಹುದಾದ ಇನ್ನೊಂದು ಭಾಗವೂ ಸೇರಿದಂತಾಗುತ್ತದೆ. ಪದರ ಆಕ್ಸೈಡಿನ ಬದಲು ಕಬ್ಬಿಣದ ಫಾಸ್ಫೇಟ್ ಬಗೆಯ ಧನಾಗ್ರವಿರುವ ಸೋಡಿಯಂ ಸೆಲ್‌ಗಳೂ ಇವೆ. ಅವುಗಳ ಶಕ್ತಿಸಾಂದ್ರತೆ ಕಡಿಮೆ, ಆದರೆ ವೋಲ್ಟೇಜಿನ ಇಳಿಜಾರು ಅಷ್ಟು ಕಡಿದಲ್ಲ, ಆಯುಷ್ಯವೂ ಹೆಚ್ಚು. ಜಾಗಕ್ಕೆ ಕೊರತೆಯಿಲ್ಲದ ಟವರಿಗೆ ಇವೇ ಸರಿ ಎಂದು ನನಗನ್ನಿಸುತ್ತದೆ. ಆದರೆ ‘ಸೋಡಿಯಂ-ಅಯಾನ್’ ಎಂಬ ಒಂದೇ ಹೆಸರಿನಡಿ ಇವೆಲ್ಲವೂ ಬರುವುದರಿಂದ, ಯಾವ ಬಗೆ ಎಂದು ಕೇಳದೆ ಕೊಂಡವರು ಕೊನೆಗೆ ಪಶ್ಚಾತ್ತಾಪ ಪಡುತ್ತಾರೆ.

ಬೆಲೆಯ ವಿಷಯದಲ್ಲಿ ಸೋಡಿಯಂ ಪರ ವಾದಿಸುವವರು ಎಡವಿದ್ದಾರೆ ಎಂದು ಒಪ್ಪಿಕೊಳ್ಳಬೇಕು. 2022ರ ಕೊನೆಯಲ್ಲಿ ಚೀನಾದಲ್ಲಿ ಲಿಥಿಯಂ ಬ್ಯಾಟರಿಯ ಕಚ್ಚಾವಸ್ತುವಾದ ಲಿಥಿಯಂ ಕಾರ್ಬೊನೇಟ್ ಟನ್ನಿಗೆ ಸುಮಾರು 6 ಲಕ್ಷ ಯುವಾನ್‌ಗೆ ಏರಿದಾಗ ಸೋಡಿಯಂ ಅಗ್ಗದ ಬದಲಿಯಾಗಿ ಕಂಡಿತು. 2024ರ ಆರಂಭಕ್ಕೆ ಅದು 1 ಲಕ್ಷದ ಸುಮಾರಿಗೆ ಕುಸಿದು ಆ ವಾದದ ಬಲವೇ ಉಡುಗಿಹೋಯಿತು. 2023ರಲ್ಲಿ ತನ್ನ ಸೋಡಿಯಂ ಸೆಲ್ ಪ್ರಕಟಿಸಿದ ಸ್ವೀಡನ್ನಿನ ನಾರ್ತ್‌ವೋಲ್ಟ್ 2025ರ ಮಾರ್ಚ್‌ನಲ್ಲಿ ದಿವಾಳಿ ಅರ್ಜಿ ಸಲ್ಲಿಸಿತು. ಸೋಡಿಯಂ ಬ್ಯಾಟರಿ ತಯಾರಿಸುತ್ತಿದ್ದ ಅಮೆರಿಕದ ನೇಟ್ರಾನ್ ಎನರ್ಜಿ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬಾಗಿಲು ಹಾಕಿತು. ಹತ್ತು ವರ್ಷ ಬಾಳಬೇಕಾದ ಬ್ಯಾಟರಿಗೆ ವಾರಂಟಿ ಕೊಟ್ಟ ಕಂಪನಿಯೇ ಮೂರು ವರ್ಷದಲ್ಲಿ ಇಲ್ಲವಾದರೆ ಏನು ಮಾಡುವುದು ಎಂಬ ನಿಮ್ಮ ಅಳುಕು ಸಕಾರಣವಾದದ್ದು. ಆದ್ದರಿಂದಲೇ ನಾನು ಸೆಲ್‌ನ ಬೆಲೆಯನ್ನು ಮುಂದಿಟ್ಟು ವಾದಿಸುತ್ತಿಲ್ಲ. ಹೀಟರ್ ಇಲ್ಲದ ಕ್ಯಾಬಿನೆಟ್, ಓಡದೆ ಉಳಿದ ಜನರೇಟರ್ ಗಂಟೆಗಳು, ಹಿಮದಲ್ಲಿ ತಪ್ಪಿದ ಪ್ರಯಾಣಗಳು ಇವೆಲ್ಲ ಬ್ಯಾಟರಿಯ ಲೆಕ್ಕದ ತಲೆಯಡಿಯೇ ಬಂದು ಕೂತಾಗ ಯಾವುದು ಅಗ್ಗ ಎಂದು ನೋಡಿ, ಎನ್ನುತ್ತಿದ್ದೇನೆ. ಗ್ರಿಡ್ ವರ್ಷಕ್ಕೊಮ್ಮೆಯೂ ಹೋಗದ, ಬಿಸಿ ಕೋಣೆಯೊಳಗಿರುವ ತಾಣಗಳಲ್ಲಿ ಲಿಥಿಯಂ ಐರನ್ ಫಾಸ್ಫೇಟೇ ಗೆದ್ದೀತು, ಗೆಲ್ಲಲಿ.

ಹಾಗಾಗಿ ನನ್ನ ಕೋರಿಕೆ ಸೋಡಿಯಂ ಕೊಳ್ಳಿರೆಂಬುದಲ್ಲ. ಟೆಂಡರಿನಲ್ಲಿ ಯಾವ ರಸಾಯನದ ಹೆಸರನ್ನೂ ಬರೆಯದೆ, ಒಂದು ಪರೀಕ್ಷೆಯನ್ನು ಬರೆಯಿರಿ. ಬ್ಯಾಟರಿಯನ್ನು ಆ ತಾಣದ ಕನಿಷ್ಠ ಉಷ್ಣತೆಯ ಶೀತಕೋಣೆಯಲ್ಲಿ ಒಂದು ಪೂರ್ತಿ ದಿನ ಖಾಲಿಯಾಗಿ ಇಡಬೇಕು. ಅಲ್ಲಿಯೇ, ಹೊರಗಿನ ಶಾಖವಿಲ್ಲದೆ, ಮೂರೇ ಗಂಟೆ ಚಾರ್ಜ್ ಮಾಡಬೇಕು. ತನ್ನದೇ ಹೀಟರ್ ಇರುವ ಬ್ಯಾಟರಿಯಾದರೆ ಅದು ಓಡಲಿ, ಆದರೆ ಅದು ತಿಂದ ವಿದ್ಯುತ್ತೂ ಸಮಯವೂ ಆ ಮೂರು ಗಂಟೆಯ ಲೆಕ್ಕದೊಳಗೇ ಬರಬೇಕು. ಆಮೇಲೆ ಅದೇ ಚಳಿಯಲ್ಲಿ, ಟವರಿನ ನಿಜವಾದ ಹೊರೆಯನ್ನು ಹೊರಿಸಿ, 40.5 ವೋಲ್ಟ್ ತಲುಪುವವರೆಗೆ ಎಷ್ಟು ಹೊತ್ತು ನಡೆಯಿತೆಂದು ಅಳೆಯಬೇಕು. ಆ ಗಂಟೆಗಳೇ ಟೆಂಡರಿನ ಅಂಕಿಯಾಗಲಿ. ಇದೇ ಪರೀಕ್ಷೆಯನ್ನು ನೂರಾರು ಬಾರಿ ಮಾಡಿದ ಮೇಲೆ ಉಳಿಯುವ ಸಾಮರ್ಥ್ಯವನ್ನೂ ಕೇಳಿ, ಏಕೆಂದರೆ ಮೇಲ್ಮೈಯಲ್ಲಿ ಲೋಹ ಕಟ್ಟಿಕೊಳ್ಳುವ ದೋಷ ಮೊದಲ ದಿನ ಕಾಣಿಸುವುದಿಲ್ಲ.

ನಿಯಂತ್ರಣ ಪ್ರಾಧಿಕಾರದವರಲ್ಲಿ ನನ್ನ ವಿನಂತಿ ಬೇರೆ. ನಾರ್ವೆಯಲ್ಲಿ 2011ರ ಡಿಸೆಂಬರ್‌ನ ಡಾಗ್ಮಾರ್ ಬಿರುಗಾಳಿ ವಿದ್ಯುತ್ತಿನ ಜೊತೆಗೆ ಮೊಬೈಲ್ ಸಂಪರ್ಕವನ್ನೂ ಕಡಿದುಹಾಕಿದ ಮೇಲೆ ಅಲ್ಲಿನ ನಿಯಂತ್ರಕರು ಟವರ್‌ಗಳಿಗೆ ಕನಿಷ್ಠ ಬ್ಯಾಕಪ್ ಅವಧಿ ನಿಗದಿ ಮಾಡಿದರು. ಅಂಥ ನಿಯಮಗಳು ಇರುವ ಕಡೆ, ಇಷ್ಟು ಗಂಟೆ ಎಂಬುದರ ಪಕ್ಕದಲ್ಲಿ ಎಷ್ಟು ಡಿಗ್ರಿಯಲ್ಲಿ ಎಂಬುದನ್ನೂ, ಎಷ್ಟು ಹೊತ್ತಿನ ಮರುಚಾರ್ಜ್ ಆದ ಮೇಲೆ ಎಂಬುದನ್ನೂ ಬರೆಯಿರಿ. ಉಷ್ಣತೆ ನಮೂದಿಸದ ನಾಲ್ಕು ಗಂಟೆ ಬೇಸಿಗೆಯಲ್ಲಿ ನಾಲ್ಕಾಗಿ, ಜನವರಿಯಲ್ಲಿ ಎರಡಾಗಿ, ಎರಡನೆಯ ಕಡಿತದಲ್ಲಿ ಸೊನ್ನೆಯಾಗುತ್ತದೆ. ತುರ್ತು ಕರೆ ಬರುವುದು ಹೆಚ್ಚಾಗಿ ಆ ಎರಡನೆಯ ಕಡಿತದಲ್ಲಿಯೇ. ಜೊತೆಗೆ, ಭಿನ್ನ ಬಗೆಯ ಸೋಡಿಯಂ ಬ್ಯಾಟರಿಗಳನ್ನು ಒಂದೇ ಗುಡ್ಡಸಾಲಿನ ಕೆಲವು ಟವರ್‌ಗಳಲ್ಲಿ ಲಿಥಿಯಂ ಮತ್ತು ಲೆಡ್-ಆಸಿಡ್ ಪಕ್ಕದಲ್ಲೇ ಇಟ್ಟು, ಎರಡು ಚಳಿಗಾಲ ಓಡಿಸಿ, ಸೆಲ್‌ನ ಒಳಗಿನ ಉಷ್ಣತೆ, ಒಳಹೋದ ಹಾಗೂ ಹೊರಬಂದ ವಿದ್ಯುತ್ತು, ಹೀಟರಿನ ಗಂಟೆಗಳು ಇವಿಷ್ಟನ್ನೂ ಗಂಟೆಗೊಮ್ಮೆ ದಾಖಲಿಸಿ ಸಾರ್ವಜನಿಕವಾಗಿ ಪ್ರಕಟಿಸಲು ಅನುಮತಿ ಕೊಡಿ. ಫಲಿತಾಂಶ ಸೋಡಿಯಂಗೆ ವಿರುದ್ಧವಾಗಿ ಬಂದರೂ ಅದನ್ನು ಮುಚ್ಚಿಡಬಾರದು ಎಂಬ ಷರತ್ತೂ ಇರಲಿ.

ಶೀತಕೋಣೆಯ ಪರೀಕ್ಷೆ ಮುಗಿದು, ಬ್ಯಾಟರಿಗಳು ಗುಡ್ಡದ ಮೇಲೆ ಹತ್ತಿ ಕೂರಲು ತಿಂಗಳುಗಳೇ ಹಿಡಿಯುತ್ತವೆ, ಮತ್ತು ಆ ದಾರಿಗಳು ಬೇಸಿಗೆಯಲ್ಲಿ ಮಾತ್ರ ತೆರೆದಿರುತ್ತವೆ. ಆದ್ದರಿಂದ ಮುಂದಿನ ಟೆಂಡರ್ ಹೊರಡುವ ಮುನ್ನವೇ ಈ ಸಾಲುಗಳು ಅದರೊಳಗೆ ಸೇರಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಟವರ್‌ಗಳ ವಿದ್ಯುತ್ ನಿರ್ವಹಣೆಯಲ್ಲಿ ದುಡಿದ ಒಬ್ಬ ಎಂಜಿನಿಯರ್